ಒಂಟಿ ಮನೆ, 26ರ ಹುಡುಗ, ದಿನಕ್ಕೆ ನಾಲ್ಕು ತಾಸು ಸಹಾಯಕಿ: ಎಲ್ಲಿಂದ ಶುರು ಮಾಡೋದು? (ಹೊಸನಗರ ತಾಲ್ಲೂಕು)

'ಸಂಕದಾಚೆ' ಅನ್ನೋ ಹೆಸರಿನವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ, ಅಂದ್ರೆ ವಿಆರ್‌ಡಬ್ಲ್ಯು. ನಮ್ಮ ವ್ಯಾಪ್ತಿಯ ಒಂದು ಮನೆಗೆ ಆರೈಕೆಯ ವ್ಯವಸ್ಥೆ ಮಾಡಿಕೊಡಬೇಕಿದೆ. ಈ ಕೆಲಸ ಗೊತ್ತಿರೋರು ದಯವಿಟ್ಟು ತಿಳಿಸಿ.

ಹುಡುಗನಿಗೆ 26. ಬೌದ್ಧಿಕ ಅಂಗವೈಕಲ್ಯ, ಪ್ರಮಾಣಪತ್ರದಲ್ಲಿ 75%. ಫಿಟ್ಸ್ ಇದೆ. ವಾಲ್‌ಪ್ರೊಯೇಟ್ ಮಾತ್ರೆಯಿಂದ ಹತೋಟಿಯಲ್ಲಿದ್ರೂ ವರ್ಷಕ್ಕೆ ಒಂದೆರಡು ಸಲ ಬರುತ್ತೆ. ಎರಡು ಮೂರು ಪದ ಕೂಡಿಸಿ ಮಾತಾಡ್ತಾನೆ, ನಾವು ಹೇಳಿದ್ದು ಅರ್ಥ ಆಗುತ್ತೆ. ಊಟ ತಾನೇ ಮಾಡ್ತಾನೆ. ಸ್ನಾನ, ಗಡ್ಡ, ಅಂಗಿ ಗುಂಡಿ ಎಲ್ಲ ಅಮ್ಮನೇ ಮಾಡಬೇಕು. ಅಮ್ಮನಿಗೆ 63, ಮಂಡಿ ನೋವು. ತಂದೆ ತೀರಿಕೊಂಡಿದ್ದಾರೆ, ಅಣ್ಣ ಬೆಂಗಳೂರಲ್ಲಿ. ಒಂದೂವರೆ ಎಕರೆ ಅಡಿಕೆ ತೋಟ. ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಕಾಲುದಾರಿ, ನಡುವೆ ಒಂದು ಸಂಕ (ಹಳ್ಳ ದಾಟೋ ಕಾಲುಸೇತುವೆ). ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇದ್ದರೆ ಇತ್ತು, ಇಲ್ಲದಿದ್ರೆ ಇಲ್ಲ.

ಪಕ್ಕದ ಕೇರಿಯ ಒಬ್ಬ ಹೆಂಗಸು ಬೆಳಿಗ್ಗೆ 8ರಿಂದ 12ರವರೆಗೆ ಬರೋಕೆ ಒಪ್ಪಿದ್ದಾರೆ, ಸಂಬಳ ಅಣ್ಣ ಕೊಡ್ತಾರೆ. ಅವರಿಗೆ ಏನು ಕಲಿಸೋದು? ಸ್ನಾನದಿಂದ ಶುರು ಮಾಡಬಹುದಾ? ಮಾತ್ರೆ ವಿಚಾರದಲ್ಲಿ ಮಳೆಗಾಲಕ್ಕೆ ಏನು ತಯಾರಿ ಬೇಕು? ಅಮ್ಮನ ನಂತರದ ಕಾಗದಪತ್ರ ಈಗಲೇ ಮಾಡಿಸಬೇಕಾ? ಹಾಸ್ಟೆಲಿಗೆ ಕಳಿಸೋ ಮಾತು ಮನೆಯವರಿಗೆ ಇಷ್ಟ ಇಲ್ಲ, ಅದನ್ನ ಬಿಟ್ಟು ಹೇಳಿ.

---

ವಿಶೇಷ ಶಿಕ್ಷಕಿ, ತೀರ್ಥಹಳ್ಳಿ ಉತ್ತರ:

ಸ್ನಾನ ಮಾಡಿಸೋಕೆ ಅಂತ ಆ ಹೆಂಗಸನ್ನ ಇಟ್ಕೊಳ್ಳಬೇಡಿ ಸರ್. ಅವನು 26 ವರ್ಷದ ಗಂಡಸು. ಹೊರಗಿನವರು ಬೆತ್ತಲೆ ಮೈ ಮುಟ್ಟೋದು ದಿನದ ರೂಢಿ ಆಗಿಬಿಟ್ರೆ ನಾಳೆ ಯಾರು ಮುಟ್ಟಿದ್ರೂ ಸುಮ್ಮನಿರಬೇಕು ಅಂತ ಅವನು ಕಲೀತಾನೆ. ಆ ಹೆಂಗಸೂ ಊರ ಬಾಯಿಗೆ ಸಿಗ್ತಾರೆ. ಗುಂಡಿ ಹಾಕೋದು, ತಲೆ ಬಾಚೋದು, ಹಲ್ಲುಜ್ಜೋದು, ಬಟ್ಟೆ ಒಗೆದು ಹರವೋದು, ತಿಂಡಿಗೆ ಕೈಜೋಡಿಸೋದು, ಅಂದ್ರೆ ಬಟ್ಟೆ ಹಾಕಿಕೊಂಡು ಮಾಡೋ ಕೆಲಸ ಎಲ್ಲ ಸಹಾಯಕಿಗೆ ಬಿಡಿ. ಸ್ನಾನ ಕಲಿಸೋಕೆ ಅಮ್ಮ, ಜೊತೆಗೆ ಸ್ವಲ್ಪ ದಿನದ ಮಟ್ಟಿಗೆ ನಂಬಿಕಸ್ಥ ಗಂಡು ನೆಂಟರು ಯಾರಾದ್ರೂ ಇರಲಿ. ಗುರಿ ಅವನೇ ಮಾಡಿಕೊಳ್ಳೋದು. ಚೆನ್ನಾಗಿ ಮಾಡಿಸೋರನ್ನ ಹುಡುಕೋದರಲ್ಲೇ ವರ್ಷ ಕಳೆದುಹೋಗುತ್ತೆ, ಕಲಿಸೋದು ಹಾಗೇ ಉಳಿಯುತ್ತೆ.

ಕಲಿಸೋ ಮೊದಲು ಬಚ್ಚಲು ಸರಿ ಮಾಡಿ. ಮಲೆನಾಡಿನ ಮನೆಯಲ್ಲಿ ಅಪಾಯ ಇರೋದೇ ಹಂಡೆ ಒಲೆಯಲ್ಲಿ. ಬೆಳಿಗ್ಗೆಯಿಂದ ಉರಿ ತಿಂದ ಹಂಡೆ ನೀರು ಒಂದು ಚೊಂಬು ಮೈಮೇಲೆ ಬಿದ್ರೂ ಚರ್ಮ ಸುಲಿಯುತ್ತೆ, ಫಿಟ್ಸ್ ಇರೋರಿಗಂತೂ ಕೇಳೋದೇ ಬೇಡ. ಬಕೆಟ್ಟಿನ ಒಳಗೆ ಆಯಿಲ್ ಪೇಂಟಲ್ಲಿ ಎರಡು ಗೆರೆ ಎಳೀರಿ. ಕೆಳಗಿನ ಕೆಂಪು ಗೆರೆವರೆಗೆ ಮೊದಲು ತಣ್ಣೀರು, ಆಮೇಲೆ ಮೇಲಿನ ಗೆರೆವರೆಗೆ ಬಿಸಿನೀರು. ಈ ಕ್ರಮ ಯಾವತ್ತೂ ಉಲ್ಟಾ ಆಗಬಾರದು. ಬಿಸಿನೀರು ತೋಡಿಕೊಡೋ ಕೆಲಸ ಅಮ್ಮನದೇ ಇರಲಿ, ಅದನ್ನ ಕಲಿಸೋ ಅವಸರ ಬೇಡ. ಕೂರೋಕೆ ಅಗಲದ ಮಣೆ ಅಥವಾ ಪ್ಲಾಸ್ಟಿಕ್ ಸ್ಟೂಲ್ ಇಡಿ, ನಿಂತು ಸ್ನಾನ ಬೇಡ. ಒಳಗಿನ ಚಿಲಕ ತೆಗೆದುಬಿಡಿ. ಬದಲಿಗೆ ಬಾಗಿಲಿಗೆ ಪರದೆ ಹಾಕಿ, ಮರ್ಯಾದೆಯೂ ಉಳಿಯುತ್ತೆ, ಬಿದ್ದರೆ ಒಳಗೂ ಹೋಗಬಹುದು.

ಈಗ ಸ್ನಾನವನ್ನ ತುಂಡು ಮಾಡಿ:

1. ಟವೆಲ್, ಒಣ ಬಟ್ಟೆ ಗೂಟಕ್ಕೆ ಹಾಕೋದು
2. ತಣ್ಣೀರು ಕೆಂಪು ಗೆರೆವರೆಗೆ
3. ಬಿಸಿನೀರು (ಅಮ್ಮ)
4. ಕೂತು ಕಾಲಿಗೆ ಒಂದು ಚೊಂಬು
5. ತಲೆ, ಮೈಗೆ ನೀರು
6. ಕೈ, ಎದೆ, ಹೊಟ್ಟೆಗೆ ಸೋಪು
7. ಕಂಕುಳು, ತೊಡೆಸಂದಿ
8. ಕಾಲು, ಬೆರಳ ಸಂದಿ
9. ನೊರೆ ಹೋಗೋವರೆಗೆ ನೀರು
10. ಒರೆಸಿಕೊಳ್ಳೋದು
11. ಒಣ ಬಟ್ಟೆ ಹಾಕೋದು

ಕಲಿಸೋದು ಕೊನೆಯಿಂದ. ಒಂದರಿಂದ ಒಂಬತ್ತರವರೆಗೆ ಎಂದಿನ ಹಾಗೆ ಅಮ್ಮ ಮಾಡಿಸಲಿ, ಒರೆಸಿಯೂ ಕೊಡಲಿ, ಬಟ್ಟೆ ಹಾಕಿಕೊಳ್ಳೋದು ಮಾತ್ರ ಅವನ ಪಾಲು. ಅದು ಐದು ದಿನದಲ್ಲಿ ನಾಲ್ಕು ದಿನ ಯಾರ ಕೈಯೂ ತಾಗದೆ ಆಯ್ತು ಅಂದ್ರೆ ಒರೆಸೋದನ್ನೂ ಅವನಿಗೆ ಬಿಡಿ. ಹೀಗೆ ಹಿಂದಕ್ಕೆ ಬನ್ನಿ. ಕೊನೆಯಿಂದ ಶುರು ಮಾಡಿದ್ರೆ ದಿನಾ ಸ್ನಾನ ಮುಗಿಸೋದು ಅವನೇ ಆಗ್ತಾನೆ, ಮುಗಿಸಿದ ಕೂಡಲೇ ಬಿಸಿ ಬಿಸಿ ತಿಂಡಿ. ಮೊದಲಿಂದ ಕಲಿಸಿದ್ರೆ ಮೂರು ಹೆಜ್ಜೆ ಮಾಡ್ತಾನೆ, ಉಳಿದದ್ದಕ್ಕೆ ಅಮ್ಮ ಕೈ ಹಾಕ್ತಾರೆ, ಅಲ್ಲಿಗೆ ಅವನ ಉತ್ಸಾಹ ತಣ್ಣಗಾಗುತ್ತೆ.

ಕೆಡೋದು ಎಲ್ಲಿ ಗೊತ್ತಾ? ಬಾಯಿಯಲ್ಲಿ. "ಸೋಪು ತಗೋ, ಕೈಗೆ ಹಚ್ಚು, ಆ ಕೈ ಅಲ್ಲ, ಈ ಕೈ" ಅಂತ ಓಡೋ ಕಾಮೆಂಟರಿ. ಕೈ ಹಿಡಿದು ಮಾಡಿಸೋ ಸಹಾಯವನ್ನ ಮಣಿಕಟ್ಟಿಗೆ, ಮೊಣಕೈಗೆ, ಬರೀ ಭುಜ ಮುಟ್ಟೋದಕ್ಕೆ ಇಳಿಸಿ ಬಿಡಿಸಬಹುದು. ಮಾತಿನ ಸಹಾಯ ಬಿಡಿಸೋದು ಭಾರಿ ಕಷ್ಟ. ಪ್ರತಿ ಹೆಜ್ಜೆಗೂ ಯಾರಾದ್ರೂ ಹೇಳಲಿ ಅಂತ ಕಾಯೋ ಅಭ್ಯಾಸ ಬಿತ್ತು ಅಂದ್ರೆ ವರ್ಷಗಟ್ಟಲೆ ಹೋಗಲ್ಲ. ಒಂದೇ ಸಲ ಹೇಳಿ, ಮನಸ್ಸಲ್ಲೇ ಹತ್ತು ಎಣಿಸಿ, ಆಗಲಿಲ್ಲ ಅಂದ್ರೆ ಬೆರಳು ತೋರಿಸಿ, ಅದೂ ಆಗದಿದ್ರೆ ಹಿಂದಿನಿಂದ ಕೈ ಹಿಡಿದು ಮಾಡಿಸಿ. ಆ ಹತ್ತು ಎಣಿಕೆ ಕಾಯೋಕೆ ಆಗೋ ಸಹಾಯಕಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೇ.

ಸಣ್ಣ ವಿಚಾರ ಎರಡು. ಸೋಪು ಜಾರುತ್ತೆ ಅನ್ನೋದೇ ಜಗಳಕ್ಕೆ ಕಾರಣ ಆಗಿರುತ್ತೆ ಎಷ್ಟೋ ಸಲ. ಹಳೆ ಸಾಕ್ಸಿನೊಳಗೆ ಸೋಪು ಹಾಕಿ ಬಾಯಿ ಕಟ್ಟಿ ಕೊಡಿ. ಗಡ್ಡಕ್ಕೆ ಬ್ಲೇಡು ಬೇಡ, ಚಾರ್ಜ್ ಮಾಡೋ ಟ್ರಿಮ್ಮರ್ ಸಾಕು. ಕರೆಂಟು ಇದ್ದಾಗಲೇ ಚಾರ್ಜಿಗೆ ಹಾಕಿಡಿ.

---

ಮಂಗಳವಾರದ ಕ್ಲಿನಿಕ್ ಉತ್ತರ:

ನಾನು ಶುಶ್ರೂಷಾಧಿಕಾರಿ, ಮಾತ್ರೆ ವಿಷಯ ಮಾತ್ರ ಹೇಳ್ತೇನೆ.

ವಾಲ್‌ಪ್ರೊಯೇಟ್ ಮಾತ್ರೆ ಗಾಳಿಯ ತೇವ ಎಳ್ಕೊಳ್ಳುತ್ತೆ. ವಾರದ ಡಬ್ಬಿ ಅಂತ ಸಿಗುತ್ತಲ್ಲ, ಏಳು ಖಾನೆಯದ್ದು, ಅದಕ್ಕೆ ಸ್ಟ್ರಿಪ್ಪಿಂದ ಬಿಡಿಸಿ ತುಂಬಿಟ್ರೆ ನಮ್ಮ ಜುಲೈ ಹವೆಗೆ ಮಾತ್ರೆ ಅಂಟಂಟಾಗಿ ಮೆತ್ತಗಾಗುತ್ತೆ. ಡಬ್ಬಿ ಬೇಕೇ ಬೇಕು ಅಂದ್ರೆ ಸ್ಟ್ರಿಪ್ಪನ್ನೇ ಒಂದೊಂದು ಮಾತ್ರೆಯಾಗಿ ಕತ್ತರಿಸಿ, ಫಾಯಿಲ್ ಸಮೇತ ಹಾಕಿ. ಮೂಲೆ ಚೂಪಾಗಿರುತ್ತೆ, ದುಂಡಗೆ ಕತ್ತರಿಸಿ, ಕೊಡುವಾಗ ಸಹಾಯಕಿಯೇ ಬಿಡಿಸಿ ಕೊಡಲಿ. ಉಳಿದ ದಾಸ್ತಾನು ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ, ಒಲೆಯಿಂದ ದೂರ. ಅಟ್ಟದ ಮೇಲೆ ಹೊಗೆ ತಾಗೋ ಜಾಗ ಬೇಡ. ಅಡಿಕೆ ಒಣಗೋ ಜಾಗ ಮಾತ್ರೆಗೂ ಆಗುತ್ತೆ ಅಂತ ಕೆಲವರು ಅಲ್ಲೇ ಇಡ್ತಾರೆ!

ಜೂನ್ ಹುಟ್ಟೋ ಮೊದಲೇ ಒಂದು ತಿಂಗಳಿಗೆ ಹೆಚ್ಚುವರಿ ಮಾತ್ರೆ ಮನೆಯಲ್ಲಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ವಾರ ಅಂತ ಮೊದಲೇ ಕೇಳಿಕೊಂಡು, ದಾರಿಯ ಪರಿಸ್ಥಿತಿ ಹೇಳಿ ಎರಡು ತಿಂಗಳಿಗೆ ಬರೆಸಿಕೊಳ್ಳಿ. ಸಂಕ ಮುಳುಗಿದೆ ಅಂತ ನಾಲ್ಕು ದಿನ ಮಾತ್ರೆ ತಪ್ಪಿದ್ರೆ ಸಾಮಾನ್ಯ ಫಿಟ್ಸ್ ಅಲ್ಲ, ಒಂದರ ಮೇಲೊಂದು ನಿಲ್ಲದೆ ಬರೋ ಫಿಟ್ಸ್ ಆಗಬಹುದು. ಜೀವಕ್ಕೇ ಅಪಾಯ ಅದು. ಒಂದು ಡೋಸ್ ಮರೆತು ನೆನಪಾದ್ರೆ ಕೂಡಲೇ ಕೊಡಿ. ಮುಂದಿನ ಡೋಸಿನ ಹೊತ್ತು ಹತ್ತಿರ ಬಂದಿದ್ರೆ ಬಿಟ್ಟುಬಿಡಿ, ಎರಡೂ ಸೇರಿಸಿ ಕೊಡಬೇಡಿ.

ಫಿಟ್ಸ್ ಬಂದಾಗ: ಗಡಿಯಾರ ನೋಡಿ. ಎಡಮಗ್ಗುಲಿಗೆ ಮಲಗಿಸಿ, ತಲೆಯಡಿ ಟವೆಲ್ ಇಡಿ, ಸುತ್ತಲಿನ ಚೊಂಬು ಕತ್ತಿ ಸರಿಸಿ. ಬಾಯೊಳಗೆ ಚಮಚ, ನೀರು ಏನೂ ಬೇಡ. ಕೈಗೆ ಕಬ್ಬಿಣದ ಕೀ ಹಿಡಿಸೋದರಿಂದ ಏನೂ ಆಗಲ್ಲ, ಹಿಡಿಸೋ ಗಲಾಟೆಯಲ್ಲಿ ಬೆರಳು ಉಳುಕುತ್ತೆ ಅಷ್ಟೇ. 5 ನಿಮಿಷ ದಾಟಿತು, ಅಥವಾ ಎಚ್ಚರ ಆಗೋ ಮೊದಲೇ ಮತ್ತೊಂದು ಬಂತು ಅಂದ್ರೆ 108. ನಿಮ್ಮಲ್ಲಿ ಆಂಬುಲೆನ್ಸ್ ರಸ್ತೆ ತುದಿವರೆಗೆ ಮಾತ್ರ ಬರುತ್ತೆ, ಮುಕ್ಕಾಲು ಕಿಲೋಮೀಟರ್ ಹೊರಬೇಕು. ಅದಕ್ಕೇ ಮೂಗಿಗೆ ಹೊಡೆಯೋ ಮಿಡಾಜೊಲಾಮ್ ಸ್ಪ್ರೇ ಬರೆದುಕೊಡ್ತೀರಾ ಅಂತ ಡಾಕ್ಟರನ್ನ ಕೇಳಿ. ತೂಕ ನೋಡಿ ಎಷ್ಟು ಸಲ ಒತ್ತಬೇಕು ಅಂತ ಅವರೇ ಹೇಳಬೇಕು, ಅದನ್ನ ಸ್ಪ್ರೇ ಮೇಲೇ ಬರೆದಿಡಿ. ಹೊರೋಕೆ ಯಾರು ಬರ್ತಾರೆ, ಯಾವ ಜೀಪು, ಅವರ ನಂಬರ್ ಗೋಡೆ ಮೇಲಿರಲಿ. ನೆಟ್‌ವರ್ಕ್ ಇಲ್ಲದ ದಿನಕ್ಕೆ ಒಂದು ಸೀಟಿ, ಅದು ಊದಿದ್ರೆ ಯಾರು ಓಡಿ ಬರೋದು ಅಂತ ಕೇರಿಯವರ ಹತ್ತಿರ ಮೊದಲೇ ಮಾತಾಡಿಡಿ.

ಫಿಟ್ಸ್ ಇರೋನು ಒಬ್ಬನೇ ಬಾವಿಕಟ್ಟೆ, ತೋಟದ ಕೆರೆ, ಒಲೆ ಹತ್ತಿರ ಹೋಗಬಾರದು. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸೋದು ಮೊದಲ ಖರ್ಚಾಗಲಿ.

ಇನ್ನೊಂದು, ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ (ಕಾಡಿನ ಉಣುಗು ಕಚ್ಚಿ ಬರೋ ಜ್ವರ) ಕಾಲ. ಸೊಪ್ಪು, ದರಗು (ಒಣಗಿದ ಎಲೆ) ತರೋಕೆ ಅವನನ್ನ ಕಾಡಿಗೆ ಕರ್ಕೊಂಡು ಹೋಗಬೇಡಿ. ಹೋಗಲೇಬೇಕಾದ್ರೆ ಆಶಾ ಕಾರ್ಯಕರ್ತೆ ಹತ್ತಿರ ಸಿಗೋ, ಉಣುಗು ಹತ್ತದ ಹಾಗೆ ತಡೆಯೋ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದ ಮೇಲೆ ಮೈಮೇಲೆ ಉಣುಗು ಇದೆಯಾ ನೋಡಿ. ತಲೆನೋವು, ಮೈಕೈ ನೋವು ಅಂತ ಅವನು ಹೇಳ್ಕೊಳ್ಳಲ್ಲ. ಸುಮ್ಮನೆ ಮೂಲೆ ಹಿಡಿದು ಕೂತ, ಊಟ ಬಿಟ್ಟ ಅಂದ್ರೆ ಥರ್ಮಾಮೀಟರ್ ಇಡಿ. ಜ್ವರ ಯಾವುದೇ ಇರಲಿ, ಜ್ವರವೇ ಫಿಟ್ಸನ್ನೂ ಎಳೆದು ತರುತ್ತೆ.

---

ಪಹಣಿ ಪತ್ರ ಉತ್ತರ:

ಕಾಗದಪತ್ರ ಈಗಲೇ ಮಾಡಿಸಬೇಕಾ ಅಂತ ಕೇಳಿದ್ದೀರಿ. ಈಗಲೇ. ಅಮ್ಮ ಸಹಿ ಹಾಕೋ ಸ್ಥಿತಿಯಲ್ಲಿರುವಾಗಲೇ.

18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅಮ್ಮ ಅವನ ಪೋಷಕಿ ಅಲ್ಲ. ಇದು ಹೆಚ್ಚಿನ ಮನೆಯವರಿಗೆ ಗೊತ್ತೇ ಇರಲ್ಲ, ಬ್ಯಾಂಕಿನಲ್ಲಿ ಸಿಕ್ಕಿಬಿದ್ದಾಗಲೇ ತಿಳಿಯೋದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದ್ರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಈ ನಾಲ್ಕಕ್ಕೆ ಅನ್ವಯ. ಅದರಡಿ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಮಟ್ಟದ ಸಮಿತಿ ಇರುತ್ತೆ, ಡಿಸಿಯವರು ಅದರಲ್ಲಿ ಇರ್ತಾರೆ. ಕೋರ್ಟು ಅಲೆಯಬೇಕಿಲ್ಲ. 14ನೇ ಕಲಮಿನಡಿ ತಾಯಿ ಅರ್ಜಿ ಹಾಕಿ ತನಗೆ ಬೇಕಾದವರನ್ನ ಪೋಷಕರಾಗಿ ಸೂಚಿಸಬಹುದು, ತಾನೇ ಆಗಬೇಕು ಅಂತಿಲ್ಲ. ಹಾಗಾಗಿ ಅಣ್ಣನ ಹೆಸರನ್ನ ಈಗಲೇ ಕೊಟ್ಟರೆ, ಅಮ್ಮನ ನಂತರ ಮತ್ತೆ ಮೊದಲಿಂದ ಓಡಾಡೋದು ತಪ್ಪುತ್ತೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದ್ರೆ ಎಂಆರ್‌ಡಬ್ಲ್ಯು ಕೈಲಿ ಅರ್ಜಿ ಒಮ್ಮೆ ನೋಡಿಸಿ ಕಳಿಸಿ. ವಿಳಾಸ ಆಧಾರಲ್ಲೊಂದು, ಪ್ರಮಾಣಪತ್ರದಲ್ಲೊಂದು ಇದ್ರೆ ವಾಪಸ್ ಬರುತ್ತೆ.

ಪೋಷಕ ಅಂದ್ರೆ ಒಡೆಯ ಅಲ್ಲ. ನೇಮಕವಾದ 6 ತಿಂಗಳೊಳಗೆ ಅವನ ಆಸ್ತಿ, ಸಾಲದ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಈ ಮಾತು ಅಣ್ಣನಿಗೆ ಮೊದಲೇ ತಿಳಿಸಿ.

ಈಗ ತೋಟ. ತಂದೆ ತೀರಿಕೊಂಡಿದ್ದಾರೆ ಅಂದಿರಿ, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರೋದು) ಆಗಿದೆಯಾ? ಆಗಿದ್ರೆ ಪಹಣಿಯಲ್ಲಿ ಇವನ ಹೆಸರು ಇದೆಯಾ ನೋಡಿ. "ಅವನಿಗೇನು ತಿಳಿಯುತ್ತೆ" ಅಂತ ವಂಶವೃಕ್ಷದಲ್ಲೇ ಹೆಸರು ಬಿಡೋದು, ಇಲ್ಲವೇ ಹೆಬ್ಬೆಟ್ಟು ಒತ್ತಿಸಿ ಹಕ್ಕು ಬಿಡುಗಡೆ ಪತ್ರ ಮಾಡಿಸೋದು ನಮ್ಮ ಕಡೆ ನಡೆಯುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಸ್ಪಷ್ಟ: ಕಾಯಿಲೆ, ಊನ ಯಾವುದೂ ವಾರಸುದಾರಿಕೆಗೆ ಅಡ್ಡಿ ಅಲ್ಲ. ಅಣ್ಣನಷ್ಟೇ ಪಾಲು ತಮ್ಮನಿಗೂ. ತನ್ನ ಪಾಲನ್ನು ಏನು ಮಾಡಬೇಕು ಅಂತ ಅಮ್ಮ ವಿಲ್ ಬರೆದು ನೋಂದಾಯಿಸಲಿ. "ಅಣ್ಣ ನೋಡ್ಕೋತಾನೆ" ಅನ್ನೋದು ವಿಲ್ ಅಲ್ಲ ಮಾರಾಯ್ರೆ. ಅಣ್ಣ ಒಳ್ಳೆಯವನೇ ಇರಬಹುದು, ಅಣ್ಣನ ನಂತರದವರ ಮಾತು ಯಾರು ಕೊಡ್ತಾರೆ?

ಉಳಿದದ್ದು ಚುಟುಕಾಗಿ. ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆಗಿಲ್ಲದಿದ್ರೆ ಮಾಡಿಸಿ. ಅರ್ಜಿಯಲ್ಲಿ ವಿಧ ಆರಿಸುವಾಗ "ಬೌದ್ಧಿಕ" ಅನ್ನೋದನ್ನೇ ಒತ್ತಿ, ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಬೇರೆಯೇ ಇದೆ, ಅದು ಬಿದ್ದರೆ ನ್ಯಾಷನಲ್ ಟ್ರಸ್ಟ್ ಯೋಜನೆ ಯಾವುದೂ ಸಿಗಲ್ಲ. ಮಾಸಾಶನಕ್ಕೆ ನಾಡಕಚೇರಿ. 75% ಇರೋದರಿಂದ ಹೆಚ್ಚಿನ ಮೊತ್ತದ ವರ್ಗದಲ್ಲಿ ಮಂಜೂರಾಗಿದೆಯಾ ಆದೇಶ ತೆಗೆದು ನೋಡಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ, ಹೊರರೋಗಿ ಖರ್ಚೂ ಅದರಲ್ಲಿ ಬರುತ್ತೆ. ಆದರೆ ಮೊದಲು ನೀವು ಕಟ್ಟಿ ಆಮೇಲೆ ಬಿಲ್ಲು ಕಳಿಸೋ ಪದ್ಧತಿ, ಮತ್ತು ಮಾರ್ಚ್ 31ಕ್ಕೆ ಮುಗಿಯುತ್ತೆ. ನವೀಕರಣ ಮರೆತವರೇ ಜಾಸ್ತಿ. ಅಣ್ಣ ಹಳೆ ತೆರಿಗೆ ಪದ್ಧತಿಯಲ್ಲಿದ್ರೆ, ತಮ್ಮ ಅವರ ಆಶ್ರಯದಲ್ಲಿದ್ದಾನೆ ಅಂತ ಆದಾಯ ತೆರಿಗೆಯಲ್ಲಿ 75,000ದ ಕಡಿತ (1961ರ ಕಾಯ್ದೆಯಲ್ಲಿ 80ಡಿಡಿ) ಸಿಗುತ್ತೆ, ಅದರಿಂದ ಉಳಿಯೋ ತೆರಿಗೆ ಸಹಾಯಕಿಯ ಸಂಬಳಕ್ಕೆ ಒದಗಲಿ. ಬಾವಿ ಜಾಲರಿ, ಬಚ್ಚಲಿನ ಹಿಡಿಕಂಬಿಗೆ ಪಂಚಾಯಿತಿಯ ಸ್ವಂತ ನಿಧಿಯ 5% ಮೀಸಲಿನಲ್ಲಿ ಕೇಳಿ. ನೀವೇ ವಿಆರ್‌ಡಬ್ಲ್ಯು, ಅರ್ಜಿ ಹೇಗೆ ಬರೆಯಬೇಕು ಅಂತ ನಿಮಗೆ ಹೇಳಬೇಕಿಲ್ಲ.

ಕೆಎಸ್‌ಆರ್‌ಟಿಸಿ ಪಾಸು ಮಾಡಿಸಿ, ಬೇಡ ಅನ್ನಲ್ಲ, ಆದ್ರೆ ನಿಮ್ಮ ಕಡೆ ಓಡೋದು ಹೆಚ್ಚಿನವು ಖಾಸಗಿ ಬಸ್ಸು. ಅಲ್ಲಿ ಅದು ನಡೆಯಲ್ಲ.

---

ಸಂಕದಾಚೆ:

ಮೂವರಿಗೂ ಧನ್ಯವಾದ. ಪೌತಿ ಖಾತೆ ಆಗಿಲ್ಲ, ನಾಳೆಯೇ ವಿಚಾರಿಸ್ತೇನೆ. ಮೇಡಂ, ಇನ್ನೊಂದು ಮಾತು. ಮಳೆ ಹಿಡಿದ ಮೇಲೆ ಅವನು ಸಿಟ್ಟಾಗಿ ತನ್ನ ಕಿವಿಗೇ ಹೊಡ್ಕೋತಾನೆ, ಅಮ್ಮನನ್ನ ದೂಡ್ತಾನೆ. ಸಮಾಧಾನಕ್ಕೆ ಮೊಬೈಲ್ ಕೊಟ್ಟರೆ ಸುಮ್ಮನಾಗ್ತಾನಂತೆ. ಸಹಾಯಕಿ ಹೆದರಿದ್ದಾರೆ.

---

ವಿಶೇಷ ಶಿಕ್ಷಕಿ, ತೀರ್ಥಹಳ್ಳಿ:

ಕಿವಿಗೇ ಹೊಡ್ಕೊಳ್ಳೋದು ಅಂದ್ರೆ ಮೊದಲು ಕಿವಿ ನೋಡಿಸಿ. ನಂತರ ಹಲ್ಲು. ಆಮೇಲೆ ಮಲಬದ್ಧತೆ, ಮಳೆಗಾಲದಲ್ಲಿ ನೀರು ಕುಡಿಯಲ್ಲ, ಓಡಾಟ ಇಲ್ಲ, ಮೂರು ದಿನಕ್ಕೊಮ್ಮೆ ಹೋಗ್ತಿರಬಹುದು. ನೋವು ಇಲ್ಲ ಅಂತ ಖಾತ್ರಿ ಆಗೋವರೆಗೆ ಅದನ್ನ "ಹಟ" ಅಂತ ಕರೆಯೋದು ಬೇಡ.

ಅದೇನೂ ಇಲ್ಲ ಅಂದ್ರೆ ಎರಡು ವಾರ ಒಂದು ನೋಟ್‌ಬುಕ್ಕಲ್ಲಿ ಮೂರು ಗೆರೆ ಬರೆಸಿ: ಸ್ವಲ್ಪ ಮೊದಲು ಏನಾಗ್ತಿತ್ತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ತು. "ಸಿಟ್ಟು ಮಾಡಿದ" ಅಂತ ಬರೆದ್ರೆ ಉಪಯೋಗ ಇಲ್ಲ. "10.40, ಮಳೆ, ಅಮ್ಮ ಅಡಿಗೆಮನೆಯಲ್ಲಿ, ಇವನು ಅರ್ಧ ಗಂಟೆಯಿಂದ ಜಗಲಿಯಲ್ಲಿ ಒಬ್ಬನೇ, ಎರಡು ಸಲ ಬಲಗಿವಿಗೆ ಹೊಡ್ಕೊಂಡ, ಮೊಬೈಲ್ ಕೊಟ್ಟರು" ಅಂತ ಬರೀಬೇಕು. ಹೀಗೆ ಹತ್ತು ಸಲ ಬರೆದ್ರೆ ಮೂರನೇ ಗೆರೆಯಲ್ಲಿ ಮೊಬೈಲ್ ಎಷ್ಟು ಸಲ ಇದೆ ಅಂತ ನಿಮಗೇ ಕಾಣುತ್ತೆ. ಹೊಡ್ಕೊಂಡ ಮೇಲೆ ಕೊಟ್ಟರೆ, ಹೊಡ್ಕೊಂಡರೆ ಸಿಗುತ್ತೆ ಅಂತ ನಾವೇ ಕಲಿಸಿದ ಹಾಗೆ. ಮೊಬೈಲ್ ಕೊಡಬೇಕಿದ್ರೆ ದಿನದ ಪಟ್ಟಿಯಲ್ಲಿ ಅದಕ್ಕೊಂದು ಹೊತ್ತು ಇಡಿ, ಮಧ್ಯಾಹ್ನ ಊಟದ ನಂತರ ಅಂತ. ಹೊಡ್ಕೊಂಡ್ರೂ ಅದೇ ಹೊತ್ತಿಗೆ, ಹೊಡ್ಕೊಳ್ಳದಿದ್ರೂ ಅದೇ ಹೊತ್ತಿಗೆ. ಮೊದಲ ವಾರ ಹೊಡ್ಕೊಳ್ಳೋದು ಜಾಸ್ತಿ ಆಗಬಹುದು, ಸಹಾಯಕಿಗೆ ಈ ಮಾತು ಮುಂಚೆಯೇ ಹೇಳಿಡಿ. ಇಲ್ಲದಿದ್ರೆ ಮೂರನೇ ದಿನ ಮೊಬೈಲ್ ಕೊಟ್ಟು ಕೂರಿಸ್ತಾರೆ, ಆಮೇಲೆ ಬಿಡಿಸೋದು ಇನ್ನೂ ಕಷ್ಟ. ಗಾಯ ಆಗೋ ಹಾಗೆ ಹೊಡ್ಕೊಂಡ್ರೆ ಮಾತ್ರ ಕಾಯಬೇಡಿ, ಮಂಗಳವಾರ ಡಾಕ್ಟರಿಗೆ ಆ ನೋಟ್‌ಬುಕ್ಕು ತೋರಿಸಿ.

ಪಟ್ಟಿ ಅಂದ್ರೆ ಅಕ್ಷರದ್ದಲ್ಲ. ಅವನದೇ ಫೋಟೋ ತೆಗೆದು ಮಾಡಿ: ಹಲ್ಲುಜ್ಜುತ್ತಿರೋದು, ತಿಂಡಿ, ಬಟ್ಟೆ ಹರವೋದು, ಮೊಬೈಲ್. ಲ್ಯಾಮಿನೇಷನ್ ಮಾಡಿಸುವಾಗ ಸುತ್ತ ಅರ್ಧ ಸೆಂಟಿಮೀಟರ್ ಅಂಚು ಬಿಡೋಕೆ ಹೇಳಿ, ಫೋಟೋ ಅಂಚಿಗೇ ಕತ್ತರಿಸಿದ್ರೆ ಆಗಸ್ಟ್ ಹೊತ್ತಿಗೆ ಒಳಗೆ ಬೂಷ್ಟು. ಮುಗಿದ ಕೆಲಸದ ಫೋಟೋವನ್ನ ಅವನೇ ತೆಗೆದು ಡಬ್ಬಿಗೆ ಹಾಕಲಿ.

---

ಹಾಳೆ ತಟ್ಟೆ ಉತ್ತರ:

ಅರ್ಧ ಗಂಟೆ ಒಬ್ಬನೇ ಜಗಲಿಯಲ್ಲಿ ಕೂತಿದ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಅವನಿಗೆ ಕೆಲಸ ಕೊಡಿ. ಅಡಿಕೆ ತೋಟ ಇರೋ ಮನೆಯಲ್ಲಿ ಕೆಲಸಕ್ಕೇನು ಬರ.

ತಟ್ಟೆ ಮಾಡೋ ಒಣಗಿದ ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಪಟ್ಟಿ) ಬೇಸಿಗೆಯಲ್ಲೇ ಒಟ್ಟು ಮಾಡಿ ಅಟ್ಟಕ್ಕೇರಿಸಿದ್ರೆ ಮಳೆಗಾಲಕ್ಕೆ ಕೈತುಂಬ ಕೆಲಸ. ತಟ್ಟೆ ಒತ್ತೋ ಯಂತ್ರದ ಹತ್ತಿರ ಮಾತ್ರ ಬೇಡ, ಅಚ್ಚು ಕಾದಿರುತ್ತೆ, ಇವನಿಗೆ ಫಿಟ್ಸ್. ಅಡಿಕೆ ಸುಲಿಯೋ ಯಂತ್ರದ ಬೆಲ್ಟು, ಮೆಟ್ಟುಗತ್ತಿಯೂ ದೂರ. ಅವನಿಗೆ ಆಗೋದು ಹಾಳೆ ಆರಿಸೋದು, ಬ್ರಶ್ಶಲ್ಲಿ ತೊಳೆಯೋದು, ಆದ ತಟ್ಟೆ ಎಣಿಸಿ ಕಟ್ಟೋದು.

ಆರಿಸೋಕೆ "ದೊಡ್ಡದು ಸಣ್ಣದು ನೋಡು" ಅಂದ್ರೆ ಆಗಲ್ಲ. 12 ಇಂಚಿನ ದುಂಡು ಪ್ಲೈವುಡ್ ತುಂಡಿಗೆ ಹಿಡಿ ಜಡಿದು ಕೊಡಿ. ಹಾಳೆ ಮೇಲೆ ಇಟ್ಟಾಗ ಸುತ್ತ ಹಾಳೆ ಕಂಡರೆ ಎಡಗಡೆ ಬುಟ್ಟಿ, ಮರದ ತುಂಡು ಹೊರಗೆ ಚಾಚಿದ್ರೆ ಬಲಗಡೆ ಬುಟ್ಟಿ. ಎಣಿಕೆ ಬರದಿದ್ರೂ 25ರ ಕಟ್ಟು ಮಾಡಬಹುದು: ಹಲಗೆ ಮೇಲೆ ಸಾಲಾಗಿ 5 ದುಂಡು ಬರೀರಿ, ದುಂಡಿಗೊಂದು ತಟ್ಟೆ. ಐದೂ ತುಂಬಿದ ಮೇಲೆ ಒಂದರ ಮೇಲೊಂದಿಟ್ಟು, ಇನ್ನೊಂದು ಹಲಗೆಯ ಒಂದು ದುಂಡಿಗೆ. ಅದರ ಐದೂ ತುಂಬಿದ್ರೆ ಒಂದು ಕಟ್ಟು. ದುಂಡು ತುಂಬಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತೆ, ಯಾರೂ ಪಕ್ಕದಲ್ಲಿ ನಿಂತು ಹೇಳಬೇಕಿಲ್ಲ. ಮೇಡಂ ಹೇಳಿದ ಬಾಯಿ ಕಾಟವೂ ತಪ್ಪುತ್ತೆ. ಶುರುವಿಗೆ ದಿನಕ್ಕೆ ಎರಡೇ ಕಟ್ಟು ಸಾಕು, ಬೇಜಾರು ಬರೋ ಮೊದಲೇ ನಿಲ್ಲಿಸಿ.

ದುಡ್ಡು ಕೊಡಿ. ಎಷ್ಟೇ ಕಡಿಮೆ ಇರಲಿ, ಆ ದಿನದ್ದು ಆ ದಿನವೇ ಅವನ ಕೈಗೆ, ನೋಟಲ್ಲಿ. ತಿಂಗಳಿಗೊಮ್ಮೆ ಅಮ್ಮನ ಖಾತೆಗೆ ಹಾಕಿದ್ರೆ ಕೆಲಸಕ್ಕೂ ದುಡ್ಡಿಗೂ ಇರೋ ಸಂಬಂಧ ಅವನಿಗೆ ಗೊತ್ತಾಗಲ್ಲ. ವಾರಕ್ಕೊಮ್ಮೆ ಸಹಾಯಕಿ ಜೊತೆ ಅಂಗಡಿಗೆ ಹೋಗಿ ಅವನೇ ಏನಾದ್ರೂ ಕೊಂಡು ಬರಲಿ.

---

ವಿಶೇಷ ಶಿಕ್ಷಕಿ, ತೀರ್ಥಹಳ್ಳಿ:

ಅಂಗಡಿಯವರಿಗೆ ಒಂದು ಮಾತು ಮೊದಲೇ ಹೇಳಿಡಿ: ಸಹಾಯಕಿಯನ್ನ ನೋಡಿ "ಎಂತ ಬೇಕಂತೆ?" ಅಂತ ಕೇಳೋದು ಬೇಡ, ಅವನನ್ನೇ ಕೇಳಲಿ. ಉತ್ತರ ಬರೋಕೆ ಸ್ವಲ್ಪ ಹೊತ್ತಾಗುತ್ತೆ. ಹಿಂದಿರೋ ಗಿರಾಕಿಗೆ ಆ ಹೊತ್ತಲ್ಲಿ ಸಕ್ಕರೆ ತೂಗಬಹುದು.